ಬಿಳಿ ಒಂದು, ಬಿಳಿ ಎರಡು

ಇಲಿಮನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವುದು ವಾಸನೆಯ ಬಗ್ಗೆ. ಅದು ಎಂಟು ದಿನದಲ್ಲಿ ರೂಢಿಯಾಗುತ್ತದೆ. ಆಮೇಲೆ ಮನೆಯವರು ಮೂಗು ಮುಚ್ಚಿಕೊಂಡಾಗಷ್ಟೇ ನೆನಪಾಗುತ್ತದೆ. ಆಮೇಲೆ ಕೇಳುವುದು, ಕಚ್ಚುತ್ತವೆಯೇ ಅಂತ. ಕಚ್ಚುತ್ತವೆ. ಇಷ್ಟು ಇಲಿ ಸಾಕಿ ಹಂಚಿದ್ದರಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನನ್ನು ಆ ಪ್ರಶ್ನೆ ಕೇಳಿದ್ದು ಒಂದು ಸರಕಾರಿ ಪತ್ರ. ಅದಕ್ಕೆ ಉತ್ತರ ಹುಡುಕಲು ಹೋಗಿ ನನ್ನದೇ ತಪ್ಪೊಂದನ್ನು ಕಂಡುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತೇನೆ. ಬಡ್ತಿ, ವರ್ಗಾವಣೆಗಳ ಮಾತು ಬಿಡುತ್ತೇನೆ. ಅವು ಎಲ್ಲರಿಗೂ ಆಗುತ್ತವೆ.

ನಾನು ದೊಡವಾಡದವಳು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ ಬೈಲಹೊಂಗಲದ ಇಲಿಮನೆಯಲ್ಲಿ ಸಹಾಯಕಿಯಾಗಿ ಸೇರಿದೆ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಹಿಕ್ಕೆ ಬಳಿಯುವ ಕೆಲಸ ಅಂತ ಸುದ್ದಿಯಾಗಿದ್ದರಿಂದ ಅರ್ಜಿ ಹಾಕಿದವರು ಬಹಳ ಇರಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ ಇತ್ತು. ಅಪ್ಪ ಅದರ ಕೆಳಗೆ ಕುಳಿತು ಹೇಳಿದ: "ಬಳಿಯೂ ಕೆಲಸಾ ನಮ್ಮ ಮಂದಿ ಭಾಳ ಮಾಡ್ಯಾರ, ಸುಮಿತ್ರಾ. ಅಲ್ಲಿ ಬರಿಯೂ ಕೆಲಸಾನೂ ಐತೇನು, ಕೇಳ್ಕೊಂಡು ಬಾ."

ಬರೆಯುವ ಕೆಲಸ ಬೇಕಾದಷ್ಟಿತ್ತು. ಪ್ರಯೋಗಕ್ಕೆ ಇಲಿ ಬೇಕಾದವರೆಲ್ಲ ತಾವೇ ಸಾಕುವ ಬದಲು ಒಂದು ಕಡೆ ಸಾಕಿ, ತಳಿ ಕೆಡದಂತೆ ಕಾಪಾಡಿ, ಕೇಳಿದವರಿಗೆ ಕೊಡುವುದು ನಮ್ಮ ಕೆಲಸ. ಕಾಲೇಜು, ಹೈಸ್ಕೂಲು, ದವಾಖಾನೆ, ದನದ ಆಸ್ಪತ್ರೆ, ಎಲ್ಲಿಂದಲೂ ಬೇಡಿಕೆ ಬರುತ್ತಿತ್ತು. ಊರ ಹೊರಗೆ ಎರಡು ಕೋಣೆಯ ಹೆಂಚಿನ ಮನೆ. ನಾವು ಆರು ಮಂದಿ. ಮೂರು ತಳಿಯ ಇಲಿ: ಕರಿ, ಬಿಳಿ ಒಂದು, ಬಿಳಿ ಎರಡು. ಕರಿಯದರ ಗುರುತು ಕುರುಡರಿಗೂ ಸಿಕ್ಕೀತು. ಬಿಳಿ ಒಂದು ಮತ್ತು ಎರಡು ಮಾತ್ರ ಅದೇ ಬಿಳಿ ತುಪ್ಪಳ, ಅದೇ ಕೆಂಪು ಕಣ್ಣು. ಒಳಗೆ ಅವು ಬೇರೆ. ಬಿಳಿ ಒಂದು ಗಟ್ಟಿ ಜೀವ. ಆಹಾರದಲ್ಲಿ ವಿಷವಿದ್ದರೂ ತಡೆದುಕೊಳ್ಳುತ್ತದೆ. ಬಿಳಿ ಎರಡರ ಯಕೃತ್ತು ಬೇಗ ಕೆಡುತ್ತದೆ. ತಿನ್ನುವ ಪದಾರ್ಥದಲ್ಲಿ ವಿಷವಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರಿಗೆ ಬಿಳಿ ಎರಡೇ ಬೇಕು. ಪಂಜರಕ್ಕೆ ಕಟ್ಟಿದ ತಗಡಿನ ಬಿಲ್ಲೆಯೊಂದೇ ಎರಡಕ್ಕೂ ಇದ್ದ ಗುರುತು.

ನಮ್ಮ ಮೇಲಧಿಕಾರಿ ಡಾಕ್ಟರ್ ದೇಶಪಾಂಡೆ. ಪೌರೋಹಿತ್ಯದ ಮನೆತನದವರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಬಂದು, ಸಂಜೆ ಹೋಗಿ ಮತ್ತೆ ಸ್ನಾನ ಮಾಡುತ್ತಿದ್ದರು. ಅದು ಇಲಿಗಾಗಿಯೋ ನಮಗಾಗಿಯೋ ಎಂದು ನಾವು ಅವರ ಬೆನ್ನ ಹಿಂದೆ ಮಾತಾಡಿಕೊಂಡದ್ದುಂಟು. ಆದರೆ ಕೆಲಸ ಕಲಿಸುವುದರಲ್ಲಿ ಅವರಿಗೆ ಒಳಗು ಹೊರಗು ಇರಲಿಲ್ಲ. ಸೇರಿದ ಮೊದಲ ವಾರ ನಾನು ಆಸೆಗೆ ಬಿದ್ದು, ಆಗತಾನೆ ಹುಟ್ಟಿದ ಮರಿಗಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಮರುದಿನ ತಾಯಿ ಎರಡು ಮರಿ ತಿಂದಿತ್ತು. ಅಳುತ್ತ ಹೋಗಿ ಹೇಳಿದೆ.

"ಬರಕೋ," ಅಂದರು.

"ಏನಂತ ಬರೀಲಿ, ಸಾಹೇಬ್ರ?"

"ಏನಾತೋ ಅದನ್ನ. ನೀ ಮುಟ್ಟಿದ್ದು, ಅದು ತಿಂದದ್ದು. ಅಳೂದು ಬರೀಬ್ಯಾಡ."

ಸೇರಿ ಮೂರು ವರ್ಷವಾಗಿದ್ದಾಗ ಮೇಲಿನ ಕಚೇರಿಯಿಂದ ಆ ಪತ್ರ ಬಂತು. ಎಷ್ಟು ಇಲಿ ಹಂಚಿದಿರಿ ಎಂಬುದು ನಮ್ಮಲ್ಲಿದೆ. ಅವುಗಳಿಂದ ವಿಜ್ಞಾನಕ್ಕೆ ಏನು ಫಲ ಸಿಕ್ಕಿತು ಎಂಬುದನ್ನು ತಿಳಿಸಿ. ಇಲಿಮನೆಯನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ಆ ವರದಿ ನೋಡಿ ತೀರ್ಮಾನಿಸಲಾಗುವುದು. ದೇಶಪಾಂಡೆಯವರು ಪತ್ರವನ್ನು ಎರಡು ಸಲ ಓದಿ ನನ್ನ ಮುಂದೆ ಇಟ್ಟರು. "ನಿನ್ನ ಅಕ್ಷರ ಛಲೋ ಅದ. ಇದು ನಿನ್ನ ಕೆಲಸ."

ಇಲಿ ಒಯ್ದವರಿಗೆಲ್ಲ ಪತ್ರ ಬರೆದೆವು: ನಮ್ಮ ಇಲಿಗಳಿಂದ ಏನು ಮಾಡಿದಿರಿ, ಏನು ತಿಳಿಯಿತು, ಎಲ್ಲಿ ಅಚ್ಚಾಯಿತು? ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು. ಕಾಲೇಜಿನ ಪ್ರಾಧ್ಯಾಪಕರೊಬ್ಬರು 'ಇಲಿಗಳು ಆರೋಗ್ಯವಾಗಿವೆ' ಎಂದಷ್ಟೇ ಬರೆದಿದ್ದರು. ಹಾಗಾಗಿ ಶನಿವಾರ ಶನಿವಾರ ಧಾರವಾಡದ ಬಸ್ಸು ಹತ್ತಿ, ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆಗಳ ಹಾಳೆ ತಿರುವಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಇಲಿ ಎಲ್ಲಿಂದ ಬಂತು ಎಂಬ ಸಾಲು ಲೇಖನದಲ್ಲಿ ಎಲ್ಲಿರುತ್ತದೆ ಎಂದು ಬೇಗ ಗೊತ್ತಾಯಿತು. ನಮ್ಮ ಹೆಸರು ಎಲ್ಲೋ ಒಂದೆರಡು ಕಡೆ. ಉಳಿದವರೆಲ್ಲ 'ಸ್ಥಳೀಯವಾಗಿ ದೊರೆತ ಬಿಳಿ ಇಲಿಗಳು' ಎಂದು ಬರೆದಿದ್ದರು. ಇದನ್ನು ಹೇಳಿದಾಗ ದೇಶಪಾಂಡೆಯವರು ಕನ್ನಡಕ ತೆಗೆದು ನಕ್ಕರು. "ಸಂತ್ಯಾಗ ಬದನೀಕಾಯಿ ಜೋಡಿ ಸಿಕ್ಕಾವಂತ ತಿಳಕೊಂಡಿರಬೇಕು, ಓದಿದವರು."

ಕಾಗದ ಸಾಲದು, ಕಾಲೇ ಬೇಕು ಎಂದು ತೀರ್ಮಾನವಾಯಿತು. ಮೊದಲು ಹೋದದ್ದು ಕಿತ್ತೂರಿಗೆ. ಅಲ್ಲಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಶಕುಂತಲಾ ಅಕ್ಕೋರು ನಮ್ಮಲ್ಲಿಂದ ಕರಿ ಮತ್ತು ಬಿಳಿ ಒಂದರ ಜೋಡಿ ಒಯ್ದಿದ್ದರು. ತಂದೆತಾಯಿಯ ಬಣ್ಣ ಮಕ್ಕಳಿಗೆ ಹೇಗೆ ಬರುತ್ತದೆ ಎಂದು ಮಕ್ಕಳಿಗೆ ತೋರಿಸಲು. ಲೇಖನವಿಲ್ಲ, ಅಚ್ಚಿಲ್ಲ. ವರದಿಗೆಂದು ನಾನು ಮಾಡಿಕೊಂಡಿದ್ದ ನಮೂನೆಯಲ್ಲಿ ಅವರನ್ನು ಹಾಕಲು ಜಾಗವೇ ಇರಲಿಲ್ಲ. ಆದರೂ ಅವರು ಚಹಾ ಕೊಟ್ಟು, ಮಕ್ಕಳು ಬರೆದ ದಿನಚರಿ ಪುಸ್ತಕ ತಂದು ತೋರಿಸಿದರು. ಹೊರಟಾಗ ಹೇಳಿದರು:

"ಒಂದು ಮಾತು ಕೇಳ್ಲ್ಯಾ? ಇಲಿ ಕೊಡುಮುಂದ ನೀವು ಕೊಟ್ಟ ಹಾಳಿಯೊಳಗ, ಕರಿ ಮತ್ತ ಬಿಳಿ ಒಂದು ಕೂಡಿಸಿದ್ರ ಕಾಡಿಲಿ ಬಣ್ಣದ ಕಂದು ಮರಿ ಹುಟ್ತಾವ ಅಂತ ಬರದಿರಿ. ನಮ್ಮಲ್ಲಿ ಎಲ್ಲಾ ಕರಿ ಹುಟ್ಟಿದ್ವು. ಮಕ್ಕಳ ಮುಂದ ನನಗ ಉತ್ತರ ಹೇಳ್ಲಿಕ್ಕೆ ಬರ್ಲಿಲ್ಲ ನೋಡ್ರಿ."

"ಮಕ್ಕಳು ಇಲಿ ಅದಲುಬದಲು ಮಾಡಿರಬೇಕ್ರಿ, ಅಕ್ಕೋರ," ಅಂದೆ. ಎಷ್ಟು ಸುಲಭವಾಗಿ ಅಂದೆ ಎಂದು ಈಗಲೂ ನಾಚಿಕೆಯಾಗುತ್ತದೆ. ಅವರು "ಇರಬಹುದು" ಎಂದು ದಿನಚರಿ ಪುಸ್ತಕ ಮುಚ್ಚಿದರು. ಅವರ ಹೆಸರನ್ನು ನಮೂನೆಯ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡೆ: ಅಚ್ಚಾದದ್ದು ಏನೂ ಇಲ್ಲ.

ಮುಂದಿನ ವಾರ ಸವದತ್ತಿ. ಅಲ್ಲಿಯ ದನದ ಡಾಕ್ಟರು ಹಿರೇಮಠ, ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಇಲಿಗಳಿಗೆ ತಿನ್ನಿಸಿ ನೋಡಿ, ಒಂದು ಸಣ್ಣ ಲೇಖನ ಬರೆದಿದ್ದರು. ಯರಗಟ್ಟಿ ಪೇಟೆಯ ಒಂದು ಗೋದಾಮಿಗೆ ಮಳೆನೀರು ನುಗ್ಗಿ ಹಿಂಡಿ ತೊಯ್ದಿತ್ತು. ಒಣಗಿಸಿದ ಮೇಲೆ ಅದನ್ನು ದನಕ್ಕೆ ಹಾಕಬಹುದೇ ಎಂಬುದು ಪ್ರಶ್ನೆ. ಅವರಲ್ಲಿ ಇಲಿಗಳು ಸತ್ತವು. ಹಿಂಡಿ ಬೇಡ ಎಂದು ಬರೆದರು. ಅದೇ ಹಿಂಡಿಯನ್ನು ರಾಮದುರ್ಗದಲ್ಲಿ ಡಾಕ್ಟರ್ ಮುಲ್ಲಾ ಎಂಬವರೂ ನಮ್ಮಲ್ಲಿಂದಲೇ ಬಿಳಿ ಎರಡು ಒಯ್ದು ಕೆಲವು ತಿಂಗಳ ನಂತರ ಪರೀಕ್ಷಿಸಿದ್ದರು. ಅವರ ಇಲಿಗಳಿಗೆ ಏನೂ ಆಗಿರಲಿಲ್ಲ. ಒಣಗಿದ ಹಿಂಡಿಯಿಂದ ತೊಂದರೆಯಿಲ್ಲ ಎಂದು ಬರೆದಿದ್ದರು. ಎರಡೂ ಲೇಖನ ನನ್ನ ಚೀಲದಲ್ಲಿದ್ದವು. ಬೇರೆ ಬೇರೆ ಪತ್ರಿಕೆಯಲ್ಲಿ ಬಂದ ಅವನ್ನು ಜೋಡಿಸಿ ಓದುವ ಪ್ರಸಂಗ ಬೇರೆಯವರಿಗೆ ಬಂದಿರಲಿಕ್ಕಿಲ್ಲ.

ಹಿರೇಮಠ ಡಾಕ್ಟರು ಅವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. "ಒಂದ ಗೋದಾಮಿನ ಹಿಂಡಿ. ಒಂದ ಮನಿ ಇಲಿ, ಬಿಳಿ ಎರಡು. ನಮ್ಮವು ಸತ್ತಾವು, ಅವರವು ಉಂಡು ಗಟ್ಟಮುಟ್ಟ ಆಗ್ಯಾವು. ಯಾರದು ಖರೆ ಅಂತ ನೀವ ಹೇಳ್ರಿ, ಬಾಯಾರ."

ಲೇಖನಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಊರು ಅರ್ಧ ದಾರಿ ಇರುವಾಗ ಕಿತ್ತೂರಿನ ಅಕ್ಕೋರ ಮಾತು ನೆನಪಿಗೆ ಬಂತು. ಎಲ್ಲಾ ಕರಿ ಹುಟ್ಟಿದ್ವು. ಕರಿಯ ಜೊತೆ ಬಿಳಿ ಒಂದು ಕೂಡಿದರೆ ಮರಿ ಕಂದು. ಬಿಳಿ ಎರಡು ಕೂಡಿದರೆ ಮರಿ ಕರಿ. ಹಾಗಾದರೆ ಕಿತ್ತೂರಿಗೆ ಹೋದದ್ದು ಬಿಳಿ ಒಂದಲ್ಲ. ಸವದತ್ತಿಗೆ ಇಲಿ ಹೋದದ್ದು ಹಿಂದಿನ ವರ್ಷದ ದೀಪಾವಳಿಗೆ ಮುಂಚೆ. ಕಿತ್ತೂರಿಗೂ ರಾಮದುರ್ಗಕ್ಕೂ ಹೋದದ್ದು ದೀಪಾವಳಿಯ ನಂತರ. ದೀಪಾವಳಿಗೆಂದು ಇಲಿಮನೆಗೆ ಸುಣ್ಣ ಬಳಿಸಿದ್ದರು. ಪಂಜರಗಳನ್ನೆಲ್ಲ ಕಟ್ಟೆಗೆ ಸಾಗಿಸಿ, ಸುಣ್ಣ ಸಿಡಿದ ಬಿಲ್ಲೆಗಳನ್ನು ಬಿಚ್ಚಿ ಬಕೆಟ್ಟಿನಲ್ಲಿ ತೊಳೆದು, ಮಧ್ಯಾಹ್ನ ಮತ್ತೆ ಕಟ್ಟಿದವಳು ನಾನು. ಯಾವ ಸಾಲು ಯಾವುದು ಎಂದು ನೆನಪಿನ ಮೇಲೆಯೇ ಕಟ್ಟಿದ್ದೆ. ನನ್ನ ನೆನಪಿನ ಶಕ್ತಿಯ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಮರುದಿನ ದೇಶಪಾಂಡೆಯವರ ಮುಂದೆ ನಿಂತು ಎಲ್ಲ ಹೇಳಿದೆ. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ವರದಿ ತಿಂಗಳ ಕೊನೆಗೆ ಹೋಗಬೇಕಿತ್ತು. ಮುಚ್ಚಿದರೆ ಆರೂ ಮಂದಿ ಮನೆಗೆ.

"ಇದು ನಿನ್ನ ಅಂದಾಜು. ಅಂದಾಜು ಬರೀಲಿಕ್ಕೆ ಆಗೂದಿಲ್ಲ," ಅಂದರು.

ಅಲ್ಲಿಗೇ ಬಿಡು ಎನ್ನುತ್ತಾರೇನೋ ಅನ್ನಿಸಿತು. ಖರೆ ಹೇಳಬೇಕೆಂದರೆ, ಹಾಗೆ ಅನ್ನಲಿ ಎಂಬ ಆಸೆಯೂ ಇತ್ತು.

"ಕರೀದರ ಜೋಡಿ ಕೂಡಿಸಿ ನೋಡು," ಅಂದರು. "ಎಲ್ಲಾ ಸಾಲಿನಾಗಿಂದೂ. ಮರಿ ಬಣ್ಣ ಹೇಳ್ತದ. ವರದಿಗೆ ಒಂದು ತಿಂಗಳು ಗಡುವು ನಾ ಬೇಡ್ತೇನಿ."

ಇಲಿ ಗಬ್ಬವಾಗಿ ಈಯಲು ಮೂರು ವಾರ. ಮರಿ ಹುಟ್ಟುವಾಗ ತುಪ್ಪಳವಿಲ್ಲದ ಗುಲಾಬಿ ಬಣ್ಣ. ಮೈಮೇಲೆ ಕೂದಲು ಬರಲು ಇನ್ನೊಂದು ವಾರ. ಆ ತಿಂಗಳು ನಾನು ಎಂದಿನಂತೆ ಬಂದೆ, ಜೋಳ, ಕಡಲೆ ಹಾಕಿದೆ, ನೀರಿನ ಬಾಟಲಿ ತೊಳೆದೆ. ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರಿಗಳ ಮೈ ನೆರಳು ಕಟ್ಟಿದ ಹಾಗೆ ಬಣ್ಣ ತಿರುಗಲು ಶುರುವಾದಾಗ, ಮುಟ್ಟದೆ, ಬಗ್ಗಿ ನೋಡಿದೆ. 'ಬಿಳಿ ಎರಡು' ಎಂಬ ಬಿಲ್ಲೆಯಿದ್ದ ಸಾಲಿನಲ್ಲಿ ಕರಿ ಮರಿ ಇರಬೇಕಿತ್ತು. ಅಲ್ಲಿ ಕಾಡಿಲಿಯಂಥ ಕಂದು ಮರಿಗಳಿದ್ದವು. ಪಕ್ಕದ ಸಾಲಿನಲ್ಲಿ ಎಲ್ಲಾ ಕರಿ. ಎರಡು ಸಾಲೂ ಪೂರ್ತಿ ಅದಲುಬದಲಾಗಿದ್ದವು. ರಾಮದುರ್ಗದ ಡಾಕ್ಟರು ವಿಷ ಪರೀಕ್ಷೆ ಮಾಡಿದ್ದು ವಿಷ ತಡೆಯುವ ಇಲಿಗಳ ಮೇಲೆ.

ದೇಶಪಾಂಡೆಯವರು ಬಂದು ಒಂದೊಂದೇ ಪಂಜರ ನೋಡಿದರು. "ರಾಮದುರ್ಗಕ್ಕ ಕಾಗದ ಬರೀಲ್ಯಾ?" ಅಂದೆ.

"ಕಾಗದ ಬ್ಯಾಡ. ಹೋಗು."

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಡಾಕ್ಟರ್ ಮುಲ್ಲಾ ಹಿಂದೆ ಮೆಡಿಕಲ್ ಕಾಲೇಜಿನಲ್ಲಿ ಕಲಿಸುತ್ತಿದ್ದವರು. ಈಗ ಊರಲ್ಲಿ ದವಾಖಾನೆ ಇಟ್ಟು, ಹಿಂದಿನ ಕೋಣೆಯಲ್ಲಿ ಸಣ್ಣ ಪ್ರಯೋಗಶಾಲೆ ಮಾಡಿಕೊಂಡಿದ್ದರು. ಐವತ್ತರ ಹತ್ತಿರ, ಸಣ್ಣ ಧ್ವನಿ. ರೋಗಿಗಳೆಲ್ಲ ಹೋದ ಮೇಲೆ ಕೂಡಿಸಿ ಕೇಳಿದರು. ನಾನು ಹೇಳಿ ಮುಗಿಸುವವರೆಗೆ ಮೇಜಿನ ಮೇಲಿನ ಸ್ಟೆತಸ್ಕೋಪನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು.

"ನನ್ನ ಲೇಖನದಾಗ ನಿಮ್ಮ ಇಲಿಮನಿ ಹೆಸರ ಇಲ್ಲ," ಅಂದರು ಕೊನೆಗೆ. "ಇಲಿ ಎಲ್ಲಿಂದ ಬಂದ್ವು ಅಂತ ಓದಿದವರಿಗೆ ಗೊತ್ತಿಲ್ಲ. ಗುನ್ಹಾ ಎಲ್ಲಾ ನನ್ನ ಹೆಸರಿಗೇ. ಹೌದಲ್ರಿ?"

"ನಮ್ಮ ತಪ್ಪು ಅಂತ ಬರದು ಕೊಡ್ತೇವ್ರಿ."

"ಬರೀರಿ. ಆದ್ರ ಅದಕ್ಕಿಂತ ಮೊದಲ ಒಂದ ಕಡೆ ಬರ್ರಿ."

ಎರಡು ಓಣಿ ದಾಟಿ ಒಂದು ಮನೆಗೆ ಕರೆದೊಯ್ದರು. ಗಂಗವ್ವ ಎಂಬ ಹೆಂಗಸು, ಹಾಲು ಮಾರುವವಳು, ಕಟ್ಟೆಯ ಮೇಲೆ ಮೊಸರು ಕಡೆಯುತ್ತಿದ್ದಳು. ಡಾಕ್ಟರು ಹೇಳಿದ್ದಾರೆಂದು ಆ ಹಿಂಡಿಯನ್ನು ಹಾಕಿದವರಲ್ಲಿ ಅವಳೂ ಒಬ್ಬಳು. ಅವಳ ಮಣಕ, ಅಂದರೆ ಇನ್ನೂ ಈಯದ ಎಮ್ಮೆ, ಮೇವು ಬಿಟ್ಟು ಒಣಗಿ ಒಂದು ತಿಂಗಳಿಗೆ ಸತ್ತಿತ್ತು. ಹಿಂಡಿಯಿಂದಲ್ಲ, ಬೇರೆ ಏನೋ ರೋಗವಿರಬೇಕು ಎಂದು ಡಾಕ್ಟರೇ ಅವಳಿಗೆ ಹೇಳಿದ್ದರು.

"ಗಂಗವ್ವ, ನಾ ಹೇಳಿದ್ದು ತಪ್ಪಿತ್ತು," ಅಂದರು ಅವರು. "ಹಿಂಡಿಯಾಗ ವಿಷ ಇತ್ತು ಅಂತ ಕಾಣಸ್ತೈತಿ."

ನಾನು ಮುಂದೆ ಬಂದು, ಇಲಿ ಕೊಟ್ಟವಳು ನಾನು, ಬಿಲ್ಲೆ ತಪ್ಪಿಸಿದವಳು ನಾನು ಎಂದು ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಮೊದಲಿನಿಂದ ಹೇಳಿದೆ: ದನಕ್ಕೆ ಹಾಕುವ ಮುಂಚೆ ಇಲಿಗೆ ತಿನ್ನಿಸಿ ನೋಡುತ್ತಾರೆ; ಇಲಿ ಸತ್ತರೆ ದನಕ್ಕೆ ಹಾಕಬಾರದು; ಸಾಯಬೇಕಾದ ಇಲಿಯ ಬದಲು ನಾನು ಸಾಯದ ಇಲಿ ಕಳಿಸಿದೆ. ಅವಳು ಕಡೆಗೋಲು ನಿಲ್ಲಿಸಿ ಕೇಳಿದಳು.

"ಒಟ್ಟ, ನಮ್ಮ ಮಣಕ ಇಲಿ ಕೆಲಸಾ ಮಾಡ್ತು ಅನ್ನು," ಅಂದಳು.

ನಾನು ಹೌದು ಅಂದೆ. ಅವಳು ಕೊಟ್ಟಿಗೆಯಲ್ಲಿ ಇನ್ನೂ ಅರ್ಧ ಚೀಲ ಹಿಂಡಿ ಇದೆ, ಏನು ಮಾಡಲಿ ಎಂದು ಕೇಳಿದಳು. ಡಾಕ್ಟರೂ ನಾನೂ ಆ ಚೀಲವನ್ನು ಹಿಡಿದುಕೊಂಡು ದವಾಖಾನೆಗೆ ತಂದೆವು. ಹಿಂಡಿ ಕೊಂಡ ಉಳಿದವರ ಮನೆಗೂ ಸಂಜೆಯ ಬಸ್ಸಿನ ಹೊತ್ತಿನವರೆಗೆ ತಿರುಗಿದೆವು. ಎಲ್ಲರ ಮುಂದೆಯೂ ಅದೇ ಮಾತು ಹೇಳಿದೆ. ಪ್ರತಿ ಸಲ ಮೊದಲ ಸಲದಷ್ಟೇ ಕಷ್ಟವಾಯಿತು.

ಬಂದು ವರದಿ ಬರೆದೆ. ಮೊದಲ ಭಾಗದಲ್ಲಿ ಅಚ್ಚಾದ ಲೇಖನಗಳು. ಎರಡನೆಯದರಲ್ಲಿ ಅಚ್ಚಾಗದ ಉಪಯೋಗ. ಅಲ್ಲಿ ಕಿತ್ತೂರಿನ ಅಕ್ಕೋರ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿ, ನಮ್ಮ ತಪ್ಪು ಮೊದಲು ಕಂಡದ್ದು ಅವರ ತರಗತಿಯಲ್ಲಿ ಎಂದು ಬರೆದೆ. ಅವರಿಗೆ ಒಂದು ಕ್ಷಮಾಪಣೆಯ ಪತ್ರವನ್ನೂ ಹಾಕಿದೆ. ಮೂರನೆಯ ಭಾಗಕ್ಕೆ 'ನಮ್ಮ ಇಲಿಗಳಿಂದ ಆದ ಹಾನಿ' ಎಂದು ಹೆಸರಿಟ್ಟೆ.

ದೇಶಪಾಂಡೆಯವರು ಓದಿ ಕೇಳಿದರು: "ಈ ಮೂರನೇದ್ದನ್ನ ಅವರು ಕೇಳಿಲ್ಲಲ್ಲ?"

"ಕೇಳಿಲ್ರಿ. ಇಲಿಯಿಂದ ಏನಾತು ಅಂತ ಕೇಳ್ಯಾರ. ಇದೂ ಆಗೇತ್ರಿ."

"ಬಿಲ್ಲೆ ತಪ್ಪಿಸಿದವರ ಹೆಸರು ಅಂತ ನಿಂದೊಂದ ಬರದಿ."

"ನಾನ ಕಟ್ಟಿದ್ನೆಲ್ರಿ."

"ಕಟ್ಟಿದಾಕಿ ನೀ. ಕಟ್ಟಿದ್ದನ್ನ ನೋಡಬೇಕಾದಾವ ನಾ. ನಾ ಅವತ್ತು ಹಬ್ಬಕ್ಕಂತ ಲಗೂನ ಮನಿಗೆ ಹೋದೆ. ಇಬ್ಬರದೂ ಬರಿ." ನಾನು ಪೆನ್ನು ಎತ್ತುವುದು ತಡವಾದಾಗ ಅವರೇ ಹಾಳೆ ಎಳೆದುಕೊಂಡು, ನನ್ನ ಹೆಸರಿನ ಮೇಲೆ ತಮ್ಮ ಹೆಸರು ಬರೆದರು.

ಮೇಲಿನಿಂದ ಬಂದ ಉತ್ತರ ನಾಲ್ಕೇ ಸಾಲು. ಪ್ರತಿಯೊಂದು ಪಂಜರದ ತಳಿ ಖಚಿತವಾಗುವವರೆಗೆ ಇಲಿ ಹಂಚುವುದನ್ನು ನಿಲ್ಲಿಸಬೇಕು. ಮುಂದುವರಿಸುವ ವಿಚಾರ ಆಮೇಲೆ.

ನಿಲ್ಲಿಸಿದೆವು. ಕೆಲಸದ ರೀತಿ ಬದಲಾದದ್ದು ಆಗಲೇ. ಬಿಲ್ಲೆಯ ಜೊತೆಗೆ ಇಲಿಯ ಕಿವಿಗೇ ಸಣ್ಣ ತೂತು ಹಾಕುವ ಪದ್ಧತಿ ತಂದೆವು. ಗುರುತು ಪಂಜರದ ಮೇಲಲ್ಲ, ಪ್ರಾಣಿಯ ಮೈಮೇಲೆಯೇ ಇರಬೇಕು. ವರ್ಷಕ್ಕೆ ಎರಡು ಸಲ ಪ್ರತಿ ಸಾಲನ್ನೂ ಕರಿಯ ಜೊತೆ ಕೂಡಿಸಿ ಮರಿಯ ಬಣ್ಣ ನೋಡುವುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಮಾಡುವುದು. ಈಗ ನಿಮಗೆ ಇವೆಲ್ಲ ಬೇಸರದ ನಿಯಮಗಳು ಅನ್ನಿಸಬಹುದು.

ಇಲಿ ಹಂಚುವುದು ನಿಂತು ಎರಡು ತಿಂಗಳಾಗುವಷ್ಟರಲ್ಲಿ, ನಾವು ಪತ್ರ ಬರೆದಾಗ ಉತ್ತರ ಕೊಡದವರೆಲ್ಲ ತಾವಾಗಿ ಬರೆಯತೊಡಗಿದರು. ಅರ್ಧಕ್ಕೆ ನಿಂತ ಪ್ರಯೋಗ, ಪರೀಕ್ಷೆ ಕಾದು ಕುಳಿತ ವಿದ್ಯಾರ್ಥಿಗಳು, ಹುಚ್ಚುನಾಯಿ ಕಚ್ಚಿದ ಊರಿನಿಂದ ಇಲಿಯ ಮೇಲೆ ಪರೀಕ್ಷಿಸಲು ಬಂದ ಮಾದರಿ. ಹಿರೇಮಠ ಡಾಕ್ಟರು ಮೋಟಾರ್ ಸೈಕಲ್ ಮೇಲೆಯೇ ಬಂದು, "ಏನ್ರಿ ಇದು, ಅಂಗಡಿ ಬಾಗಲಾ ಹಾಕಿದ್ರಿ?" ಎಂದು ಜಗಳ ತೆಗೆದರು. ಕಿತ್ತೂರಿನ ಮಕ್ಕಳೂ ಸಾಲಾಗಿ ಸಹಿ ಮಾಡಿ ಪತ್ರ ಕಳಿಸಿದರು. ಇಲಿಮನೆಯಿಂದ ಯಾರಿಗೆ ಏನು ಉಪಯೋಗ ಎಂಬುದಕ್ಕೆ, ಧಾರವಾಡದಲ್ಲಿ ಅಷ್ಟು ಶನಿವಾರ ಕುಳಿತರೂ ಸಿಗದ ಉತ್ತರ, ಕೊಡುವುದನ್ನು ನಿಲ್ಲಿಸಿದಾಗ ತಾನಾಗಿ ಅಂಚೆಯಲ್ಲಿ ಬಂತು. ಆ ಕಾಗದಗಳನ್ನೆಲ್ಲ ಹೊಲಿದು ಮೇಲಕ್ಕೆ ಕಳಿಸಿದೆವು. ಸುಗ್ಗಿಯ ಹೊತ್ತಿಗೆ ಮತ್ತೆ ಹಂಚಲು ಪರವಾನಗಿ ಬಂತು. ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಪರವಾನಗಿ ಬಂದ ವಾರವೇ ಡಾಕ್ಟರ್ ಮುಲ್ಲಾ ಬಂದರು. ಹೇಳಿ ಕಳಿಸಿರಲಿಲ್ಲ. ಬಗಲಲ್ಲಿ ತೂತು ಕೊರೆದ ಕಟ್ಟಿಗೆಯ ಪೆಟ್ಟಿಗೆ. ಗಂಗವ್ವನ ಚೀಲದ ಹಿಂಡಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಇಷ್ಟು ದಿನ ಕಾದಿದ್ದರು.

"ಅದ ಹಿಂಡಿ, ಅದ ಪ್ರಯೋಗ, ಮತ್ತೊಮ್ಮೆ ಮಾಡ್ತೇನಿ. ತಪ್ಪು ಅಚ್ಚಾದ ಪತ್ರಿಕಿಯಾಗ ಖರೇದೂ ಅಚ್ಚಾಗಬೇಕು," ಅಂದರು. "ಬಿಳಿ ಎರಡು ಕೊಡ್ರಿ."

ದೇಶಪಾಂಡೆಯವರು ಪರೀಕ್ಷೆಯ ಮರಿಗಳನ್ನು ತಾವೇ ತೋರಿಸಲು ಎದ್ದರು. ಮುಲ್ಲಾ ಅವರು ನೋಡಿದರು. ಕರಿ ಮರಿಗಳು ತಾಯಿಯ ಬಿಳಿ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದವು. ನಾನು ಕಿವಿಯ ತೂತು ಪರೀಕ್ಷಿಸಿ ಒಂದೊಂದೇ ಇಲಿಯನ್ನು ಬಾಲ ಹಿಡಿದು ಪೆಟ್ಟಿಗೆಗೆ ಬಿಟ್ಟೆ. ಮುಚ್ಚಳಕ್ಕೆ ಅಂಟಿಸುವ ಚೀಟಿ ಬರೆಯಬೇಕಿತ್ತು. ನಾನು ಪೆನ್ನನ್ನು ಸಾಹೇಬರ ಕಡೆ ಚಾಚಿದೆ. ಇಂಥ ದಿನ ಅವರೇ ಬರೆಯಲಿ ಎಂದು.

"ಅವರ್ಯಾಕ?" ಅಂದರು ಡಾಕ್ಟರ್ ಮುಲ್ಲಾ. "ನೀವ ಬರೀರಿ, ಬಾಯಾರ."

ಬರೆದೆ. ಬಿಳಿ ಎರಡು. ಶಾಯಿ ಒಣಗಲು ಊದಿ, ಸಾಹೇಬರು ಓದಿ ಸಹಿ ಮಾಡಿದ ಮೇಲೆ ಅಂಟಿಸಿದೆ. ನಾನು ಬರೆದದ್ದನ್ನು ಡಾಕ್ಟರ್ ಮುಲ್ಲಾ ಓದಿ ನೋಡಲಿಲ್ಲ. ಪೆಟ್ಟಿಗೆಯನ್ನು ಎದೆಗೆ ಹಿಡಿದುಕೊಂಡು, ರಾಮದುರ್ಗದ ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಬೇಗ ಬೇಗ ನಡೆದರು.